ಗೆಣಸಿಗೆ ಹತ್ತು ತಿಂಗಳು

ಜೂನ್ 5
ಎರಡು ಒಳ್ಳೆ ಮಳೆ ಬಿತ್ತು. ಬೆಳಗ್ಗೆಯಿಂದ ಮರಗೆಣಸಿನ ಕಡ್ಡಿ ನೆಟ್ಟೆವು. ಮೂರಡಿಗೊಂದು ಸಾಲು. ನಡುವೆ ಅಲಸಂದೆ ಹಾಕಲೇಬೇಕೆಂದು ಅತ್ತಿಗೆಯ ಹಟ. ಬೆನ್ನು ಬಿದ್ದುಹೋಗಿದೆ, ಗೆಣಸೊಂದೇ ಸಾಕು ಎಂದೆ.
"ಗೆಣಸು ಎಲೆ ಹರಡೋಕೆ ಮೂರು ತಿಂಗಳು ಬೇಕು ಕಣೇ. ಅಲ್ಲೀವರೆಗೂ ಮಣ್ಣು ಕೊಚ್ಚಿಹೋಗದ ಹಾಗೆ ಯಾರು ಕಾಯ್ತಾರೆ? ನಿಮ್ಮಣ್ಣ ಎದ್ದು ಬರ್ತಾರಾ?"
ಅಣ್ಣ ಹೋಗಿ ಒಂಬತ್ತು ವರ್ಷ. ಇಬ್ಬರೂ ನಕ್ಕೆವು. ನಗುವಾಗ ಹೊಟ್ಟೆ ಹಿಡಿದುಕೊಂಡಳು. ಗ್ಯಾಸ್ಟ್ರಿಕ್ ಅಂತೆ.

ಜೂನ್ 27
ಅತ್ತಿಗೆಯ ಸ್ಕ್ಯಾನಿಂಗ್ ರಿಪೋರ್ಟ್ ಬಂತು. ಡಾಕ್ಟರ್ ನನ್ನೊಬ್ಬಳನ್ನೇ ಒಳಗೆ ಕರೆದರು. ಕ್ಯಾನ್ಸರ್. ಲಿವರ್‌ಗೂ ಹರಡಿದೆ. ಮೂರು ತಿಂಗಳು, ಹೆಚ್ಚೆಂದರೆ ನಾಲ್ಕು.
ಬಸ್ಸಿನಲ್ಲಿ ಕೇಳಿದಳು — "ಏನಂದ್ರು?"
"ಅಲ್ಸರ್ ಅಂತೆ. ಮಾತ್ರೆ ಕೊಟ್ಟಿದ್ದಾರೆ."
ಮಾತ್ರೆಯ ಚೀಟಿ ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡಳು. "ಅಲಸಂದೆ ಎಪ್ಪತ್ತು ದಿನಕ್ಕೆ ಬರುತ್ತೆ. ಅದನ್ನಂತೂ ಬಿಡಿಸ್ತೀನಿ."
"ಗೆಣಸನ್ನೂ ನೀನೇ ಕೀಳೋದು." ಕಿಟಕಿ ಕಡೆ ತಿರುಗಿ ಹೇಳಿದೆ.

ಆಗಸ್ಟ್ 17
ಅಲಸಂದೆ ಬಿಡಿಸಿದೆವು. ಬದುವಿನ ಮೇಲೆ ಕುರ್ಚಿ ಹಾಕಿ ಕೂರಿಸಿದೆ. ರವಿಕೆಯ ತೋಳು ಜೋಲುತ್ತಿತ್ತು. ಕೈಗೆ ಎಟುಕಿದಷ್ಟು ಕಾಯಿ ಬಿಡಿಸಿದಳು. ನಾನು ಗಿಡ ಕೀಳಹೋದರೆ ಗದರಿದಳು.
"ಬೇರು ಕೀಳ್ಬೇಡ! ಬುಡಕ್ಕೆ ಕೊಯ್ದು ಅಲ್ಲೇ ಹಾಸು. ಗೆಣಸಿಗೆ ಅದೇ ಗೊಬ್ಬರ."
ಬೈಸಿಕೊಂಡು ಖುಷಿಯಾಯಿತು. ಎಷ್ಟು ದಿನವಾಗಿತ್ತು ಆ ದನಿ ಕೇಳಿ.

ಸೆಪ್ಟೆಂಬರ್ 21, ಬೆಳಗ್ಗೆ 7
ಗಂಜಿ ಬೇಡವೆಂದಳು. ಆಮೇಲೆ, ಮೆಲ್ಲಗೆ —
"ಅಲ್ಸರ್ ಅಲ್ಲ ಅಂತ ಬಸ್ಸಲ್ಲೇ ಗೊತ್ತಾಯ್ತು. ನಿನಗೆ ಸುಳ್ಳು ಹೇಳೋಕೆ ಬರಲ್ಲ ಕಣೇ."
"ಮತ್ತೆ ಯಾಕೆ ಸುಮ್ನಿದ್ದೆ?"
"ನೀನು ಅತ್ಕೊಂಡು ಕೂತ್ರೆ ಕಳೆ ಯಾರು ಕೀಳ್ತಿದ್ರು?"
ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಮೂರು ತಿಂಗಳು ಒಂದೇ ಕೋಣೆಯಲ್ಲಿ ಮಲಗಿ ಒಬ್ಬರಿಗೊಬ್ಬರು ಬಚ್ಚಿಟ್ಟೆವಲ್ಲ. ಎಷ್ಟು ಮಾತಾಡಬಹುದಿತ್ತು…

ಅಕ್ಟೋಬರ್ 30
ಅತ್ತಿಗೆ ಹೋಗಿ ಇಪ್ಪತ್ತಾರು ದಿನ. ಹೊಲದ ಕಡೆ ಹೋಗಿಲ್ಲ.

ಏಪ್ರಿಲ್ 6
ಗೆಣಸು ಕಿತ್ತೆ. ಇಬ್ಬರು ಹಿಡಿದು ಎಳೆಯುವ ಕೆಲಸ. ಒಬ್ಬಳೇ ಎಳೆದದ್ದಕ್ಕೆ ನೆಲದೊಳಗೇ ಮುರಿಯಿತು. ಕೂತು ಬೆರಳಲ್ಲಿ ಕೆದಕಿ ತೆಗೆದೆ. ತೋಳಿನಷ್ಟು ದಪ್ಪ. ಮಣ್ಣು ಕಪ್ಪಗೆ, ಮೆತ್ತಗೆ.
ಪಕ್ಕದ ಹೊಲದವಳು ಕಡ್ಡಿ ಕೇಳಿಕೊಂಡು ಬಂದಳು. "ಈ ಸಲ ನಾನೂ ನಿಮ್ಮ ಹಾಗೇ ಹಾಕ್ತೀನಿ. ಕಡ್ಡೀನ ಎಷ್ಟು ದಿನ ನೆರಳಲ್ಲಿ ಇಡ್ಬೇಕು?"
"ಇರಿ, ಕೇಳಿ ಹೇಳ್ತೀನಿ" ಎಂದವಳು ಮನೆ ಕಡೆ ತಿರುಗಿ, "ಅತ್ತಿಗೇ" ಎಂದು ಕೂಗಿಯೂಬಿಟ್ಟೆ.
ಪಕ್ಕದ ಹೊಲದವಳು ತಲೆ ತಗ್ಗಿಸಿದಳು. ನಾನು ಕಡ್ಡಿಯ ಕಟ್ಟು ಎತ್ತಿಕೊಂಡು ಅವಳ ಕೈಗಿಟ್ಟು, "ನಡುವೆ ಅಲಸಂದೆ ಹಾಕೋದು ಮರೀಬೇಡಿ" ಎಂದೆ.