ಗೋಪುರಕ್ಕಿಂತ ಮೊದಲೇ ಬಂದ ಗಂಟೆ

ಕ್ಲೀವ್‌ಲ್ಯಾಂಡ್, ಅಕ್ಟೋಬರ್ ೧೯೦೩

ಅಪೊಲೋನಿಯಾ ಅಕ್ಕನಿಗೆ ತಂಗಿ ಪೆಲಾ ಬರೆಯುವುದು.

ನಮ್ಮ ಇಗರ್ಜಿಗೆ ಕೊನೆಗೂ ಗಂಟೆ ಬಂತು. ಗೋಪುರ ಇನ್ನೂ ಎದ್ದಿಲ್ಲ. ಗಂಡಸರು ಪಾಳಿ ಮುಗಿಸಿ ಬಂದು ಅಗೆದ ನೆಲಮಾಳಿಗೆಯಲ್ಲೇ ಪೂಜೆ. ಮೊನ್ನೆ ಗಂಟೆಯ ಗಾಡಿ ಏರಿನ ಕೆಸರಿನಲ್ಲಿ ಹೂತು, ಕುದುರೆಗಳು ಸೋತು ನಿಂತವು. ಗಂಡಸರೆಲ್ಲ ಕಾರ್ಖಾನೆಯಲ್ಲಿದ್ದರು. ಒಗೆಯುವ ಬಟ್ಟೆ ಬಿಟ್ಟು ನಾವು ಹೆಂಗಸರೇ ಹಗ್ಗ ಹಿಡಿದೆವು.

"ಗೋಪುರಾನೇ ಇಲ್ಲ, ಗಂಟೆ ಯಾಕ್ರಮ್ಮಾ ನಿಮಗೆ?" ಎಂದು ಗಾಡಿಯವನು ಕೂತಲ್ಲಿಂದಲೇ ನಕ್ಕ.

"ಮೊದ್ಲು ನೀನ್ ಕೆಳಗಿಳಿಯಪ್ಪಾ, ಗಂಟೆಗಿಂತ ನಿನ್ ಭಾರಾನೇ ಜಾಸ್ತಿ," ಎಂದಳು ಮುದುಕಿ ಸ್ಕೊಲಾಸ್ಟಿಕಾ.

ಎಳೆದು ತಂದೆವು. ಅಂಗೈ ಸುಲಿದಿದೆ, ಸೊಂಟ ನೆಟ್ಟಗಾಗುತ್ತಿಲ್ಲ; ಎಣ್ಣೆ ಹಚ್ಚುತ್ತಿದ್ದೇನೆ, ಗಾಬರಿಯಾಗಬೇಡ.

ಸಂಜೆ ಗಂಡಸರು ಬಂದು ಗಂಟೆಯನ್ನು ಅಂಗಳದಲ್ಲೇ ತೊಲೆಗೆ ತೂಗುಹಾಕಿ ಬಾರಿಸಿದರು. ಎಲ್ಲರೂ ಶಿಲುಬೆಯ ಗುರುತು ಹಾಕಿಕೊಂಡರು. ನನ್ನ ಗಂಡ ಇಗ್ನಾಸಿ ಮಾತ್ರ ಸುಮ್ಮನೆ ನಿಂತಿದ್ದರು. ಕಾರ್ಖಾನೆಯಲ್ಲಿ ಬಾಯ್ಲರ್‌ಗೆ ಸುತ್ತಿಗೆ ಬಡಿದು ಬಡಿದು ಇವರ ಕಿವಿ ಪೂರ್ತಿ ಹೋಗಿದೆ, ಅಕ್ಕಾ. ನಾನು ಇವರ ಅಂಗೈಯನ್ನು ಇನ್ನೂ ಕಂಪಿಸುತ್ತಿದ್ದ ಗಂಟೆಗೆ ಒತ್ತಿ ಹಿಡಿದೆ. ಇವರು ಟೋಪಿ ತೆಗೆದರು.

"ನಮ್ಮೂರಿನ ಗಂಟೆಗಿಂತ ದೊಡ್ಡದು ಕಣೇ," ಎಂದರು.

ಕಾರ್ಡು ತುಂಬಿತು, ಒಲೆಯ ಮೇಲೆ ಎಲೆಕೋಸು ಉಕ್ಕುತ್ತಿದೆ. ಅಮ್ಮನಿಗೆ ಇದನ್ನು ನೀನೇ ಓದಿ ಹೇಳು, ಕಿವಿಯ ವಿಷಯ ಬಿಟ್ಟು.

ಪೆಲಾ