ತೆರೆಯ ಕೆಳಗಿನ ಕಾಲು

ಅನುಗೊಂಡನಹಳ್ಳಿ
೨೦ನೇ ಫೆಬ್ರವರಿ ೧೯೪೬, ಬುಧವಾರ

ಮಗಳೇ ಮುನಿಲಕ್ಷ್ಮಮ್ಮ,

ಅಪ್ಪನ ಆಶೀರ್ವಾದ. ಇಲ್ಲಿ ನಾವೆಲ್ಲ ಉಂಡುಟ್ಟುಕೊಂಡು ಇದ್ದೇವೆ. ನೀನು ಮೂರು ಸಲ ಬರೆದರೂ ಒಂದಕ್ಕೂ ಜವಾಬು ಬರೆಯಲಿಲ್ಲ, ತಪ್ಪು ನನ್ನದೇ. ಕಣ್ಣು ಮಂಜು, ಕೈಗೆ ಬಿಡುವಿಲ್ಲ ಎಂದು ನೆಪ ಹೇಳಲು ಶುರುಮಾಡಿದ್ದೆ. ಊರವರ ಕಾಲಿನ ಆಣಿ ಕೀಳುವುದಕ್ಕೆ ಇರುವ ಕಣ್ಣು ಮಗಳಿಗೆ ಕಾಗದ ಬರೆಯುವುದಕ್ಕೆ ಇಲ್ಲವೇ ಎಂದು ನಿನ್ನ ಅವ್ವ ಕೇಳಿದಳು. ಮೊಸರು ಮಾರುವ ಸೊಣ್ಣಮ್ಮ ನಿಮ್ಮೂರಿನ ನೆಂಟರ ಮನೆಗೆ ಹೊರಟಿದ್ದಾಳೆ. ಇದನ್ನು ನಿನ್ನ ಕೈಗೇ ಕೊಡುತ್ತಾಳೆ. ಓದಿ ಒಲೆಗೆ ಹಾಕು.

ಬಂದು ಕರೆದುಕೊಂಡು ಹೋಗು ಎಂದು ಮೂರು ಕಾಗದದಲ್ಲೂ ಬರೆದಿದ್ದೀಯ. ಅತ್ತೆ ಅಕ್ಕಯಮ್ಮ ಕೈ ಮಾಡುತ್ತಾರೆ, ಗಂಡ ಕೊಂಡಪ್ಪ ಕಂಡೂ ಕಾಣದ ಹಾಗೆ ಎದ್ದು ಹೋಗುತ್ತಾನೆ ಎಂದೂ ಬರೆದಿದ್ದೀಯ. ಮೊದಲನೆಯದನ್ನು ಓದಿದಾಗ ನನಗೆ ಸಿಟ್ಟು ಬಂದದ್ದು ನಿನ್ನ ಮೇಲೆ, ಸುಳ್ಳೇಕೆ ಹೇಳಲಿ. ತವರಿನ ನೆನಪಾದಾಗ ಹುಡುಗಿಯರು ಹೀಗೇ ಒಂದಕ್ಕೆ ಹತ್ತು ಸೇರಿಸಿ ಬರೆಯುತ್ತಾರೆ ಅಂದುಕೊಂಡೆ.

ನನ್ನ ಇಕ್ಕಟ್ಟು ನಿನಗೆ ಗೊತ್ತಿಲ್ಲದ್ದಲ್ಲ. ನಿನ್ನನ್ನು ಆ ಮನೆಗೆ ಕೊಟ್ಟು, ಆ ಮನೆಯ ಮಗಳು ಪಿಳ್ಳಮ್ಮನನ್ನು ನಿನ್ನ ಅಣ್ಣ ಬೈರಣ್ಣನಿಗೆ ತಂದುಕೊಂಡೆವು. ಒಂದೇ ಚಪ್ಪರ, ಒಂದೇ ಓಲಗ, ಎರಡು ಮದುವೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನೇ. ದೀಪಾವಳಿಗೆ ಬಂದಾಗ ಅಕ್ಕಯಮ್ಮ ಎಲೆಗೆ ಸುಣ್ಣ ಹಚ್ಚುತ್ತಾ, "ನಿಮ್ಮುಡುಗಿ ನಿಮ್ಮನೆ ಸೇರಿದ್ ದಿನಾನೇ ನಮ್ಮುಡುಗಿ ನಮ್ಮನೆ ಸೇರ್ತಾಳೆ ಬೀಗ್ರೇ, ತಿಳ್ಕಳಿ" ಅಂದರು. ನಗುನಗುತ್ತಲೇ ಅಂದರು. ಪಿಳ್ಳಮ್ಮನಿಗೆ ಈಗ ಏಳು ತಿಂಗಳು. ಬೈರಣ್ಣ ಅವಳ ಬಾಯಿ ರುಚಿಗೆ ಹುಣಸೆಕಾಯಿ ಹುಡುಕಿಕೊಂಡು ಕಂಡವರ ತೋಪಿಗೆಲ್ಲ ನುಗ್ಗುತ್ತಾನೆ. ಆ ಹುಡುಗಿ ನಿನ್ನ ಅವ್ವನ ತಲೆಗೆ ಎಣ್ಣೆ ಒತ್ತುತ್ತಾಳೆ, ನಾನು ಊಟಕ್ಕೆ ಕೂರುವವರೆಗೂ ತಾನು ಕೂರುವುದಿಲ್ಲ. ಅವಳದೇನು ತಪ್ಪು? ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಪಾಡು ನನ್ನದು, ನುಂಗಲೂ ಆಗದು ಉಗುಳಲೂ ಆಗದು.

ಇರಲಿ, ಸುದ್ದಿ ಹೇಳುತ್ತೇನೆ. ಹೋದ ಭಾನುವಾರ ನಿಮ್ಮ ದೊಡ್ಡಬಳ್ಳಾಪುರದಲ್ಲೇ ನಮ್ಮ ಪಾದೋಪಚಾರಕರ ಸಂಘದ ನಾಲ್ಕನೇ ವಾರ್ಷಿಕ ಸಮ್ಮೇಳನ. ಹೆಸರು ಮಾತ್ರ ಭಾರಿ. ಆಣಿ ಕೀಳುವವರು, ಒಡೆದ ಹಿಮ್ಮಡಿಗೆ ಮುಲಾಮು ಕಾಯಿಸುವವರು, ಯುದ್ಧದ ಕಾಲದಲ್ಲಿ ಸಿಪಾಯಿಗಳ ಬೂಟಿನ ಬೊಬ್ಬೆಗೆ ಪಟ್ಟಿ ಕಟ್ಟಿ ಕಲಿತ ನನ್ನಂಥವರು, ಎಲ್ಲ ಸೇರಿ ಅರವತ್ತು ಜನ ಇದ್ದೆವೋ ಇಲ್ಲವೋ. ಹೊಸಕೋಟೆಯಿಂದ ನನ್ನ ಹಳೆಯ ಸ್ನೇಹಿತ ಅಬ್ದುಲ್ ಖಾದರ್ ಜೊತೆಗೆ ಬಂದ. ಅಧ್ಯಕ್ಷರು ಪಾದರಕ್ಷೆಯ ವಿಚಾರವಾಗಿ ಒಂದು ಗಂಟೆ ಮಾತಾಡಿದರು. ಅವರ ಹೊಸ ಚಪ್ಪಲಿ ಅವರನ್ನೇ ಕಚ್ಚುತ್ತಿತ್ತು, ಮುಂದಿನ ಸಾಲಿನವರೆಲ್ಲ ಭಾಷಣ ಬಿಟ್ಟು ಅದನ್ನೇ ನೋಡುತ್ತಿದ್ದರು.

ಮಧ್ಯಾಹ್ನ ತೆರೆ ಪರೀಕ್ಷೆ. ನಮ್ಮವರು ಸಮ್ಮೇಳನಕ್ಕೆ ಬರುವುದೇ ಇದಕ್ಕೆ. ಅಡ್ಡಲಾಗಿ ಒಂದು ಸೀರೆ ಕಟ್ಟುತ್ತಾರೆ. ಊರಿನ ಕಾಲುನೋವಿನವರು ಅದರ ಆಚೆ ಕೂತು ಒಂದೇ ಒಂದು ಕಾಲನ್ನು ಕೆಳಗಿನಿಂದ ಈಚೆಗೆ ಚಾಚಬೇಕು. ಮುಖ ಕಾಣಬಾರದು, ಅವರು ಮಾತಾಡಬಾರದು, ಹೆಸರನ್ನು ಯಾರೂ ಕೇಳುವಂತಿಲ್ಲ. ನಾವು ಬರೀ ಕಾಲು ನೋಡಿ, ಆ ಮನುಷ್ಯನ ಕೆಲಸವೇನು, ನೋವು ಹೇಗೆ ಬಂತು, ಮದ್ದೇನು ಎಂದು ಸಭೆಗೆಲ್ಲ ಕೇಳುವಂತೆ ಹೇಳಬೇಕು. ಬಂದವರಿಗೆ ಪುಕ್ಕಟೆ ಮುಲಾಮು ಎಂದು ಮೊದಲೇ ಬೀದಿಬೀದಿಯಲ್ಲಿ ತಮಟೆ ಹೊಡೆಸಿದ್ದರು. ಎರಡು ವರ್ಷದಿಂದ ಇದರಲ್ಲಿ ಗೆದ್ದವನು ನಾನೇ. ಈ ಸಲವೂ ಕುಂಬಾರನ ಕಾಲನ್ನೂ, ಗುಂಡಿ ಮಗ್ಗದಲ್ಲಿ ಕೂರುವವನ ಕಾಲನ್ನೂ ನೋಡಿದ ಕೂಡಲೇ ಹೇಳಿದೆ.

ಮೂರನೆಯದು ಒಬ್ಬ ಹೆಂಗಸಿನ ಕಾಲು, ಅಂಗಾಲೆಲ್ಲ ಸುಟ್ಟ ಗಾಯ. "ಅಡಿಗೆ ಮನೆ ಹೆಂಗ್ಸು. ಒಲೆಯಿಂದ ಬಿದ್ದ ಕೆಂಡ ನೋಡ್ದೆ ತುಳಿದವ್ಳೆ. ಲೋಳೆಸರ ಹಚ್ಚಿದ್ರೆ ಎಂಟು ದಿನಕ್ಕೆ ವಾಸಿಯಾಗ್ತದೆ" ಅಂದೆ. ತೀರ್ಪುಗಾರರು ಖಾದರನ ಕಡೆ ನೋಡಿದರು. ಅವನು ಕುಕ್ಕರಗಾಲಲ್ಲಿ ಕೂತು, ಕನ್ನಡಕ ಹಣೆಗೇರಿಸಿ, ಬಹಳ ಹೊತ್ತು ನೋಡಿದ.

"ಕೆಂಡ ತುಳಿದ್ರೆ ಗಾಯ ಗುಂಡಗಿರ್ತದೆ ಸ್ವಾಮಿ. ಇವು ಮೂರು ಗೆರೆ. ಒಂದೇ ಅಳತೆ, ಒಂದರ ಪಕ್ಕಕ್ಕೆ ಒಂದು. ಯಾರೋ ಕಾಲು ಅದುಮಿ ಹಿಡ್ಕಂಡು ಬರೆ ಎಳೆದವ್ರೆ. ಒಂದು ಹಳೇದು, ಎರಡು ಮೊನ್ನೆ ಮೊನ್ನೇವು. ಇದಕ್ಕೆ ಮುಲಾಮಲ್ಲ ಮದ್ದು, ಮೊದ್ಲು ಆ ಮನೆ ಬಿಡಿಸ್ಬೇಕು" ಅಂದ.

ಸಭೆ ಚಪ್ಪಾಳೆ ತಟ್ಟಿತು. ಶಾಲು ಅವನಿಗೆ ಹೋಯಿತು. ಹಿಂದಿನ ಸಾಲಿನಿಂದ ಯಾರೋ, "ವೆಂಕಟರಾಯಪ್ಪಂಗೆ ವಯಸ್ಸಾಯ್ತು ಬಿಡ್ರಪ್ಪ" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅಷ್ಟು ಹತ್ತಿರ ಬಂದು ಮನೆಗೆ ಬರಲಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡ. ಕೊನೆಯ ಬಸ್ಸು ತಪ್ಪುತ್ತಿತ್ತು. ಪಿಳ್ಳಮ್ಮನ ಹೆರಿಗೆಯೊಂದು ಸುಸೂತ್ರ ಆಗಲಿ, ಆಮೇಲೆ ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ಬಂದು ಮಾತಾಡುತ್ತೇನೆ. ನಿನ್ನ ಅವ್ವ ಹುರಿಹಿಟ್ಟು ಕಳಿಸಿದ್ದಾಳೆ, ನೀನೇ ತಿನ್ನಬೇಕಂತೆ. ಹೊಟ್ಟೆಗೆ ಕಡಿಮೆ ಮಾಡಿಕೊಳ್ಳಬೇಡ. ಮನೆದೇವರು ನಿನ್ನ ತಲೆ ಕಾಯಲಿ, ನೂರು ವರ್ಷ ಬಾಳು.

ನಿನ್ನ ಅಪ್ಪ,
ವೆಂಕಟರಾಯಪ್ಪ

ಮತ್ತೆ: ಕಾಗದ ಮಡಿಸಿ ಸೊಣ್ಣಮ್ಮನ ಕೈಗೆ ಕೊಟ್ಟಾಗಿತ್ತು. ಬೀದಿಯ ತನಕ ಹೋಗಿ ವಾಪಸು ಇಸಕೊಂಡು ಬಂದು ಇದನ್ನು ಬರೆಯುತ್ತಿದ್ದೇನೆ. ಆ ಕಾಲು ನಿನ್ನದೆಂದು ಕಂಡ ಕೂಡಲೇ ಗೊತ್ತಾಯಿತು. ನನ್ನ ಪಾದದ ಮೇಲೆ ನಿಂತು ನಡಿಗೆ ಕಲಿತ ಕಾಲು, ನನಗೆ ಗೊತ್ತಾಗದೆ ಇರುತ್ತದೆಯೇ? ಮುಖ ಕಾಣುವುದಿಲ್ಲ, ಹೆಸರು ಕೇಳುವುದಿಲ್ಲ ಎಂದು ಅತ್ತೆಯ ಮನೆಯವರು ನಿನ್ನನ್ನು ಮುಲಾಮಿಗೆ ಕಳಿಸಿದರು. ಕಾಗದ ನಂಬದ ಅಪ್ಪನಿಗೆ ಕಣ್ಣಾರೆ ತೋರಿಸಬೇಕೆಂದು ನೀನು ಬಂದೆ. ಮೂರು ಗೆರೆಯನ್ನೂ ಖಾದರನಿಗಿಂತ ಮೊದಲೇ ನೋಡಿದವನು ನಾನು. ಕೊಂಡಪ್ಪ ಕಂಬಕ್ಕೆ ಒರಗಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದ. ನಿಜ ನನ್ನ ಬಾಯಿಂದ ಬಂದಿದ್ದರೆ ಮಾರನೆಯ ದಿನವೇ ಪಿಳ್ಳಮ್ಮನ ಪೆಟ್ಟಿಗೆ ಗಾಡಿ ಹತ್ತುತ್ತಿತ್ತು. ಕೆಂಡ ತುಳಿದವ್ಳೆ ಅಂದೆ. ನನ್ನ ದನಿ ಕೇಳಿ ನಿನ್ನ ಕಾಲಿನ ಬೆರಳೆಲ್ಲ ಮುದುಡಿಕೊಂಡವು. ನಾನು ನೋಡಿದೆ ಮಗಳೇ.

ಬಸ್ಸಿನಲ್ಲಿ ಬರುತ್ತಾ ಖಾದರ್, "ಅಲ್ಲ ಕಣೋ, ಆ ಹುಡುಗಿಗೆ ಅಪ್ಪ ಅನ್ನೋನು ಒಬ್ಬ ಇಲ್ವೇನೋ?" ಎಂದು ಕೇಳಿದ.

"ಇದ್ದಂಗಿಲ್ಲ ಕಣೋ" ಅಂದೆ.