ಕೌದಿಯ ಬಾಯಿ ಹೊಲಿಯಬೇಡಿರಿ

ದೇವಿಕೊಪ್ಪ,
ಬುಧವಾರ

ಹನಮವ್ವಾಯಿಗೆ ಅಂಗನವಾಡಿಯ ಮಂಜುಳಾ ಮಾಡುವ ನಮಸ್ಕಾರ.

ಮೊನ್ನೆ ಮಕ್ಕಳು ನೀವು ಹಳೆ ಬಟ್ಟೆಯ ತುಂಡು ಸೇರಿಸಿ ಹೊಲಿದುಕೊಟ್ಟ ಕೌದಿಯ ಮೇಲೆ ಜಿಗಿಯುವುದನ್ನು ಕಂಡು, “ಹಾಸಾಕ ಕೊಟ್ರ ತುಳಿಯಾಕ ಹಚ್ಚೀರಲ್ರೀ ಅಕ್ಕೋರ!” ಎಂದು ಸಿಟ್ಟಾಗಿ ಹೋದಿರಿ. ಅರ್ಧ ಹೊಲಿದ ಇನ್ನೊಂದು ಕೌದಿಯನ್ನು ನಮಗೆ ಕೊಡುವುದಿಲ್ಲ ಎಂದಿರಂತೆ. ಸ್ವಲ್ಪ ಕೇಳಿರಿ.

ಗೋಡೆಯ ಪಟ ತೋರಿಸಿ ತಿಂಗಳುಗಟ್ಟಲೆ ತ್ರಿಕೋನ, ಚೌಕ ಎಂದು ಗಂಟಲು ಹರಿದುಕೊಂಡೆ. ಒಬ್ಬರ ತಲೆಗೂ ಹತ್ತಲಿಲ್ಲ. ನಿಮ್ಮ ಕೌದಿ ಹಾಸಿ “ತ್ರಿಕೋನ!” ಎಂದೆ ನೋಡಿ, ಒಂದೇ ಬೆಳಗಿನಲ್ಲಿ ಇಪ್ಪತ್ತೂ ಮಕ್ಕಳು ತ್ರಿಕೋನದ ತುಂಡುಗಳ ಮೇಲೆ ಜಿಗಿದು ನಿಂತವು! ನಿಮ್ಮ ಮೊಮ್ಮಗ ಕೃಷ್ಣಾ ಮಾತ್ರ, “ಇದು ನಮ್ಮಾಯಿ ಕುಬಸದ ತ್ರಿಕೋನ, ಯಾರೂ ತುಳೀಬ್ಯಾಡ್ರಲೇ” ಎಂದು ಒಂದು ತುಂಡಿಗೆ ಕಾವಲು ನಿಂತಿದ್ದ.

ಇನ್ನೊಂದನ್ನೂ ಕೊಡಿರಿ. ಒಂದೆರಡು ದುಂಡನೆಯ ತುಂಡು ಹಚ್ಚಿರಿ. ಆದರೆ ಕೊನೆಯ ಬಾಯಿ ಹೊಲಿಯಬೇಡಿರಿ. ಕೌದಿಯ ಹೊಟ್ಟೆ ಬರಿದಿರಬಾರದೆಂದು ನೀವು ಒಳಗೆ ರೊಟ್ಟಿಚೂರು ಇಟ್ಟು ಹೊಲಿಯುವುದನ್ನು ಕೃಷ್ಣಾ ಎಲ್ಲರಿಗೂ ಹೇಳಿಬಿಟ್ಟಿದ್ದಾನೆ. ಈ ಸಲ ತಾವೇ ಉಣಿಸುತ್ತೇವೆಂದು ಮಕ್ಕಳು ಹಟ ಹಿಡಿದಿವೆ.

ದಯವಿಟ್ಟು ನಾಳೆಯೇ ಬನ್ನಿರಿ. ನಮ್ಮ ಪುಟ್ಟ ಐಶ್ವರ್ಯ ತನ್ನ ಪಾಲಿನ ಬೇಯಿಸಿದ ಮೊಟ್ಟೆಯನ್ನು ಇವತ್ತು ತಿನ್ನದೆ ಕೌದಿಗೆಂದು ಎತ್ತಿಟ್ಟಿದ್ದಾಳೆ.

ನಿಮ್ಮ ದಾರಿ ಕಾಯುತ್ತಿರುವ,
ಮಂಜುಳಾ